ಕಚ್ಚಿದ್ದು ಯಾವಾಗ ಎಂದು ಕೇಳಿದವರು

ಅವರು ಉಡುತ್ತಿದ್ದ ನೂಲಿನ ಸೀರೆಗಳಿಗೆಲ್ಲ ಮೊಣಕಾಲಿನ ಎತ್ತರದಲ್ಲಿ ಹಳದಿ ಕಲೆಗಳಿರುತ್ತಿದ್ದವು. ಒಗ್ಗರಣೆ ಅವಲಕ್ಕಿ ತಿಂದ ಪುಟ್ಟ ಬೆರಳುಗಳ ಗುರುತು. ಎಷ್ಟು ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ. ಎತ್ತರದ ಆಳು, ದೊಡ್ಡ ಪಾದ, ಹೆಂಗಸರಲ್ಲಿ ಅಪರೂಪವೆನ್ನಿಸುವಷ್ಟು ದಪ್ಪ ದನಿ. ಆ ಮೈಯನ್ನು ಹೊತ್ತುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ನೆಲದ ಮೇಲೆ ಕೂರುತ್ತಿದ್ದರು, ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು. ನಿಂತುಕೊಂಡು ಮಗುವಿನ ಜೊತೆ ಮಾತನಾಡಿದ್ದನ್ನು ನಾನು ನೋಡಲೇ ಇಲ್ಲ.

ಪುಣೆಯ ಕೋಥರೂಡದಲ್ಲಿ, ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ನೆಲಮಹಡಿಯಲ್ಲಿ ನಮ್ಮ ಶಿಶುವಿಹಾರ. ಮರಾಠಿ ಶಾಲೆಗಳ ರೂಢಿಯಂತೆ ಮಕ್ಕಳಿಗೆ ಅವರು ‘ಬಾಈ’. ವಿಜಾಪುರದವರೆಂದು ಗೊತ್ತಾದ ಮೇಲೆ, ಆ ಕಡೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ನಾನು ಅವರನ್ನು ‘ಅಕ್ಕೋರೆ’ ಎನ್ನತೊಡಗಿದೆ. ನಾನು ಹಾಸನದವಳು. ಗಂಡನ ಕೆಲಸದಿಂದಾಗಿ ಪುಣೆಗೆ ಬಂದು, ಮನೆಯಲ್ಲಿ ಕೂರಲಾರದೆ, ಅವರ ವರ್ಗಕ್ಕೆ ಸಹಾಯಕಿಯಾಗಿ ಸೇರಿಕೊಂಡಿದ್ದೆ. ಮಕ್ಕಳ ಶಿಕ್ಷಣದ ತರಬೇತಿ ಆಗಿತ್ತು, ಮರಾಠಿ ಬರುತ್ತಿರಲಿಲ್ಲ. ಮೊದಲ ದಿನ ಅದನ್ನು ಹೇಳಿಕೊಂಡಾಗ ಅವರು ಗೊಳ್ಳನೆ ನಕ್ಕುಬಿಟ್ಟರು.

“ಅದಕ್ಯಾಕ ಹೆದರತೀರಿ? ಇಲ್ಲಿ ಅರ್ಧಾ ಹುಡುಗರಿಗೆ ಇನ್ನೂ ಯಾವ ಭಾಷಾನೂ ಬರಂಗಿಲ್ಲ.”

ನಾನು ಹೆದರಿದ್ದು ಭಾಷೆಗಿಂತ ಗದ್ದಲಕ್ಕೆ. ಜೂನ್ ತಿಂಗಳ ಆ ಕೋಣೆ! ಒಬ್ಬ ಅಳಲು ಶುರುಮಾಡಿದರೆ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬಳು. ನಾನು ಚಪ್ಪಾಳೆ ತಟ್ಟಿ, “ಸೈಲೆನ್ಸ್, ಸೈಲೆನ್ಸ್” ಎಂದು ಕೂಗುತ್ತಿದ್ದೆ. ಕೂಗಿದಷ್ಟೂ ಗದ್ದಲ ಹೆಚ್ಚುತ್ತಿತ್ತು. ಅಕ್ಕೋರು ಮಾತ್ರ ಗದ್ದಲ ಏರಿದ ಹಾಗೆಲ್ಲ ತಮ್ಮ ದನಿ ಇಳಿಸುತ್ತಿದ್ದರು. ತುಟಿ ಅಲ್ಲಾಡುವುದಷ್ಟೇ ಕಾಣಬೇಕು, ಅಷ್ಟು ಮೆತ್ತಗೆ. ಹತ್ತಿರ ಕೂತ ಮಗು ಏನೆಂದು ಕೇಳಲು ಸುಮ್ಮನಾಗುತ್ತಿತ್ತು, ಅದರ ಪಕ್ಕದ್ದೂ ಸುಮ್ಮನಾಗುತ್ತಿತ್ತು. ಆಟದ ಸಾಮಾನು ಎತ್ತಿಡಿ ಎಂದು ಅವರು ಯಾರಿಗೂ ಹೇಳಿದವರಲ್ಲ. ತಾವೇ ಒಂದೊಂದು ಮರದ ತುಂಡನ್ನೂ ಬುಟ್ಟಿಗೆ ಹಾಕುತ್ತ ಹಾಡು ಶುರುಮಾಡುತ್ತಿದ್ದರು. ಹಾಡು ಮುಗಿಯುವಷ್ಟರಲ್ಲಿ ನೆಲ ಖಾಲಿಯಾಗಿರುತ್ತಿತ್ತು. ಕೈ ತೊಳೆಯುವುದಕ್ಕೊಂದು ಹಾಡು, ಚಪ್ಪಲಿ ಹಾಕಿಕೊಳ್ಳುವುದಕ್ಕೊಂದು. ಆ ಹಾಡುಗಳಿಗೆ ಅಂಥ ಅರ್ಥವೇನೂ ಇರಲಿಲ್ಲ. ದಿನವೂ ಅದೇ ಹೊತ್ತಿಗೆ ಅದೇ ಹಾಡು, ಅಷ್ಟೇ.

ಮಕ್ಕಳ ಮುಂದೆ ಇಷ್ಟು ತಾಳ್ಮೆಯಿದ್ದವರು ದೊಡ್ಡವರ ಮುಂದೆ ಸಿಡುಕಿ. ಮಗುವನ್ನು ಕರೆದೊಯ್ಯಲು ತಡವಾಗಿ ಬಂದ ಅಪ್ಪಂದಿರಿಗೆ ಬಾಗಿಲಲ್ಲೇ ಮಂಗಳಾರತಿ. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತ ಕಲಿಸಬೇಕೆಂದ ಶಿಶುವಿಹಾರದ ಸಂಚಾಲಕಿಗೆ, “ನೀವ ಕುಣೀರಿ, ನಾವೆಲ್ಲಾ ಕೂತ ನೋಡತೀವಿ” ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ನನ್ನನ್ನೂ ಹೊಗಳಿದವರಲ್ಲ. ಕೆಲಸ ಚೆನ್ನಾಗಿ ಆದ ದಿನ ತಮ್ಮ ಡಬ್ಬಿಯಿಂದ ಒಂದು ತುಂಡು ಶೇಂಗಾ ಹೋಳಿಗೆ ಮುರಿದು ನನ್ನ ಡಬ್ಬಿಗೆ ಹಾಕುತ್ತಿದ್ದರು.

ಆ ವರ್ಷವೇ ಓಂಕಾರ ನಮ್ಮಲ್ಲಿಗೆ ಬಂದದ್ದು. ನಾಲ್ಕು ವರ್ಷದ ಸಣಕಲು ಹುಡುಗ. ಅಪ್ಪ ಭೋಸರಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ, ಅಮ್ಮ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದಳು. ಎಲ್ಲ ಮಕ್ಕಳೂ ಅಮ್ಮನ ಸೆರಗು ಹಿಡಿದು ಗೋಳಾಡುತ್ತಿದ್ದಾಗ ಅವನೊಬ್ಬ ಅಳಲಿಲ್ಲ. ಎಂಥ ಧೈರ್ಯವಂತ ಎಂದುಕೊಂಡೆ. ವಾರ ಕಳೆಯುವುದರೊಳಗೆ ಕಚ್ಚಲು ಶುರುಮಾಡಿದ. ಕೈ, ಭುಜ, ಸಿಕ್ಕಿದ್ದು. ಗದರಿದೆ, ಮೂಲೆಯಲ್ಲಿ ಕೂರಿಸಿದೆ, ಮುದ್ದು ಮಾಡಿ ಹೇಳಿದೆ. ಏನೂ ನಾಟಲಿಲ್ಲ. ಒಂದು ಸಲ ನಾನು ಓಡಿಹೋಗಿ, “ಅಕ್ಕೋರೆ, ಮತ್ತೆ ಕಚ್ಚಿದ, ಈ ಸಲ ಇಬ್ಬರಿಗೆ” ಎಂದೆ.

“ಯಾವಾಗ?” ಎಂದರು.

“ಈಗಲೇ.”

“ಹಂಗಲ್ರಿ. ಏನ್ ನಡದಿತ್ತು ಆವಾಗ?”

ನೆನಪಿಸಿಕೊಂಡೆ. ಆಟ ನಿಲ್ಲಿಸಿ ಹೊರಗೆ ಸಾಲಾಗಿ ಹೋಗಿ ಎಂದಿದ್ದೆ. ಹಿಂದಿನ ಸಲ ಊಟಕ್ಕೆ ಕೂರಿಸುವಾಗ. ಅದಕ್ಕೂ ಹಿಂದೆ, ಮನೆಗೆ ಹೊರಡುವ ಹೊತ್ತಿಗೆ. ಅಕ್ಕೋರು ತಲೆ ಅಲ್ಲಾಡಿಸಿದರು. “ಸಿಟ್ಟಿಲೆ ಕಚ್ಚಂಗಿಲ್ರಿ ಅವ. ಒಂದು ಮುಗದು ಇನ್ನೊಂದು ಸುರೂ ಆಗತದಲ್ಲ, ಅಲ್ಲಿ ಕಚ್ಚತಾನ.”

ಅಮ್ಮನನ್ನು ಕರೆಸಿ ವಿಚಾರಿಸಿದಾಗ ವಿಷಯ ಹೊರಬಂತು. ಹುಡುಗ ಹುಟ್ಟಿದಾಗಿನಿಂದ ದೌಂಡದಲ್ಲಿ ಅಜ್ಜಿಯ ಹತ್ತಿರ ಬೆಳೆದಿದ್ದ. ಶಾಲೆಗೆ ಹಾಕಬೇಕೆಂದು ಮೇ ತಿಂಗಳಲ್ಲಿ ಕರೆತಂದರು. ಹೇಳಿದರೆ ಅಳುತ್ತಾನೆಂದು ಹೇಳಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದವನನ್ನು ನಿದ್ದೆಯಲ್ಲೇ ಎತ್ತಿಕೊಂಡು ರೈಲು ಹತ್ತಿದರು. ಎಚ್ಚರಾದಾಗ ಬೇರೆ ಊರು, ಬೇರೆ ಮನೆ. ಅಂದಿನಿಂದ ಅಮ್ಮನೂ ದಿನಾ ಅವನು ಅತ್ತ ನೋಡುವಾಗ ಕಣ್ತಪ್ಪಿಸಿ ಕೆಲಸಕ್ಕೆ ಹೋಗುತ್ತಿದ್ದಳು.

ಅಕ್ಕೋರು ಆಕೆಯನ್ನೂ ನೆಲದ ಮೇಲೆ ತಮ್ಮೆದುರು ಕೂರಿಸಿಕೊಂಡರು. ಆಮೇಲೆ, ನಾಳೆಯಿಂದ ಎಲ್ಲಿಗೆ ಹೋಗುತ್ತೀ, ಯಾವಾಗ ಬರುತ್ತೀ ಎಂದು ಅವನ ಮುಖ ನೋಡಿ ಹೇಳಿಹೋಗು ಎಂದರು. “ಅಳ್ತಾನಲ್ಲ ಬಾಈ” ಎಂದಳು ಆಕೆ.

ಅದಕ್ಕೆ ಅಕ್ಕೋರು ಕೊಟ್ಟ ಉತ್ತರ ಮರಾಠಿಯಲ್ಲಿತ್ತು. ನನ್ನ ನೆನಪಿನಲ್ಲಿ ಅವರ ಮರಾಠಿ ಮಾತುಗಳೆಲ್ಲ ವಿಜಾಪುರದ ಕನ್ನಡದಲ್ಲೇ ಉಳಿದಿವೆ: “ಅಳಲಿ ಬಿಡವಾ. ಅಳೂದು ಬ್ಯಾರೆ, ಮೋಸ ಹೋಗೂದು ಬ್ಯಾರೆ.”

ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಸೊಸೈಟಿಯಲ್ಲೇ ಇದ್ದ ಒಂದು ಹುಡುಗಿಯ ಕೆನ್ನೆಗೆ ಓಂಕಾರ ಹಲ್ಲೂರಿಬಿಟ್ಟ. ರಕ್ತ ಬಂತು. ಮರುದಿನ ಬೆಳಿಗ್ಗೆ ಅವಳ ಅಪ್ಪ, ಜೊತೆಗೆ ಇನ್ನಷ್ಟು ಪೋಷಕರು, ಸಂಚಾಲಕಿಯ ಕೋಣೆ ತುಂಬ. ಆ ಹುಡುಗನನ್ನು ತೆಗೆಯಿರಿ, ಇಲ್ಲವಾದರೆ ನಾವು ನಮ್ಮ ಮಕ್ಕಳನ್ನು ಬಿಡಿಸುತ್ತೇವೆ. ಸಂಚಾಲಕಿ ಆಗಲೇ ಒಪ್ಪಿಕೊಂಡಂತಿದ್ದರು. ಅಕ್ಕೋರನ್ನು ಕರೆಸಿದರು, ಹಿಂದೆಯೇ ನಾನೂ ಹೋದೆ.

ಅವರು ಹುಡುಗಿಯ ಅಪ್ಪನ ಎದುರು ನಿಂತರು. “ನಿಮ್ಮ ಮಗಳ ಗಲ್ಲಕ್ಕ ಗಾಯ ಆಗೇದ. ಅದು ನನ್ನ ತಪ್ಪು. ನಾ ಅಲ್ಲೇ ಇದ್ದೆ, ತಡೀಲಿಕ್ಕೆ ಆಗಲಿಲ್ಲ. ನನಗ ಏನ್ ಬೇಕಾದ್ರೂ ಅನ್ನರಿ. ಆದ್ರ ಅವನ್ನ ಹೊರಗ ಹಾಕಂಗಿಲ್ಲ.”

“ಯಾಕೆ ಹಾಕಲ್ಲ? ಅವನೊಬ್ಬನಿಗಾಗಿ ಉಳಿದವರೆಲ್ಲ ಕಚ್ಚಿಸಿಕೊಳ್ಳಬೇಕೆ?”

“ಉಳದವರ ಸಲುವಾಗೇ ಹೇಳಾಕತ್ತೀನ್ರಿ. ನಾಳೆ ಅವ ಬರಲಿಲ್ಲಂದ್ರ ಇವ್ರೆಲ್ಲಾ ಕೇಳತಾರ, ಓಂಕಾರ ಎಲ್ಲಿ ಅಂತ. ಏನ್ ಹೇಳಲಿ? ತಪ್ಪು ಮಾಡಿದ್ದಕ್ಕ ಕಳಿಸಿಬಿಟ್ವಿ ಅಂತ? ನಿಮ್ಮ ಮಗಳೂ ಅದನ್ನ ಕಲೀತಾಳ. ತಪ್ಪು ಮಾಡಿದ್ರ ನನ್ನೂ ಕಳಸ್ತಾರ ಅಂತ.”

ಯಾರೋ ಗ್ಯಾರಂಟಿ ಕೇಳಿದರು. “ಗ್ಯಾರಂಟಿ ಇಲ್ರಿ. ನಾ ಅವನ ಮಗ್ಗಲದಾಗ ಇರ್ತೀನಿ, ಅಷ್ಟ. ಅವನ್ನ ತಗದ್ರ ನಾನೂ ಬರಂಗಿಲ್ಲ.”

ದೀಪಾವಳಿ ರಜೆಯವರೆಗೆ ನೋಡೋಣ ಎಂದು ಸಂಚಾಲಕಿ ಮಾತು ಮುಗಿಸಿದರು. ಹುಡುಗಿಯ ಅಪ್ಪ ಎದ್ದು ಹೋದರು.

ಅಂದಿನಿಂದ ಅಕ್ಕೋರು ಹುಡುಗನ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದರು. ಏನೇ ಬದಲಾಗುವ ಮುಂಚೆ ಅವನ ಪಕ್ಕ ಕುಳಿತು ಮೆಲ್ಲಗೆ ಹೇಳುವರು: ಇನ್ನು ಸ್ವಲ್ಪ ಆಟ, ಆಮೇಲೆ ಕೈ ತೊಳೆಯುವುದು, ಆಮೇಲೆ ಡಬ್ಬಿ. ಒಮ್ಮೆ ಅವರ ತೋಳಿಗೇ ಕಚ್ಚಿದ. ಅವರು ಕೂಗಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಗದ್ದ ಹಿಡಿದು ಮೆಲ್ಲಗೆ ಬಿಡಿಸಿ, ನೋಯುತ್ತದೆ ಎಂದು ಅವನ ಕಣ್ಣು ನೋಡಿ ಹೇಳಿ, ಹೇಳುತ್ತಿದ್ದ ಮಾತನ್ನು ಮುಂದುವರಿಸಿದರು.

ಒಂದು ಬೆಳಿಗ್ಗೆ ಅವನ ಅಮ್ಮ ಕೊನೆಗೂ ಧೈರ್ಯ ಮಾಡಿ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಅಂಗಡಿಗೆ ಹೋಗುತ್ತೇನೆ, ನೀನು ಚಪ್ಪಲಿ ಹಾಕಿಕೊಂಡ ಮೇಲೆ ಬರುತ್ತೇನೆ ಎಂದಳು. ಓಂಕಾರ ಅವಳನ್ನೇ ನೋಡಿದ. ನೋಡುತ್ತ ನೋಡುತ್ತ ಬಾಯಿ ತೆರೆದು, ಇಡೀ ಸೊಸೈಟಿಗೆ ಕೇಳುವಂತೆ ಅಳಲು ಶುರುಮಾಡಿದ. ಅಷ್ಟು ತಿಂಗಳಲ್ಲಿ ಮೊದಲ ಸಲ. ನಾನು ಗಾಬರಿಯಾದೆ. ಅಕ್ಕೋರು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಕಡೆ ನೋಡಿ ನಕ್ಕರು.

“ಇನ್ನ ಚಲೋ ಆಗತದ ನೋಡ್ರಿ.”

ಆಯಿತು, ಒಂದೇ ಸಲಕ್ಕಲ್ಲ. ನಡುವೆ ಕೆಲವು ಕೆಟ್ಟ ದಿನಗಳೂ ಬಂದವು. ದೀಪಾವಳಿ ಹತ್ತಿರವಿದ್ದಾಗ ಒಮ್ಮೆ ಅಕ್ಕೋರು ಸಂಚಾಲಕಿಯ ಕೋಣೆಗೆ ಹೋಗಿದ್ದರು, ವರ್ಗದಲ್ಲಿ ನಾನೊಬ್ಬಳೇ. ಹೊರಗೆ ಮೋಡ ಕವಿದದ್ದು ಕಂಡು, ಮಳೆಗೆ ಮುಂಚೆ ಎಲ್ಲ ಮುಗಿಸುವ ಆತುರದಲ್ಲಿ, ಮೊದಲೇ ಹೇಳದೆ ಆಟ ನಿಲ್ಲಿಸಿಬಿಟ್ಟೆ. ತಿರುಗಿ ನೋಡುತ್ತೇನೆ, ಓಂಕಾರ ಅದೇ ಹುಡುಗಿಯ ಕೈ ಹಿಡಿದಿದ್ದಾನೆ, ಮುಖ ಕೆಂಪಾಗಿದೆ. ನಾನು ತಲುಪುವುದು ಸಾಧ್ಯವೇ ಇರಲಿಲ್ಲ. ಅವನು ಬಾಯಿ ತೆರೆದ. ತೆರೆದು, ಗಂಟಲು ಹರಿಯುವ ಹಾಗೆ ನನ್ನತ್ತ ಕೂಗಿದ: “ಮಗ್ ಕಾಯ್?”

ಆಮೇಲೇನು? ಅಷ್ಟೇ ಅವನು ಕೇಳಿದ್ದು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕುಳಿತು, ಬರುತ್ತಿದ್ದ ಹರಕು ಮರಾಠಿಯಲ್ಲಿ ಹೇಳಿದೆ: ಆಮೇಲೆ ಡಬ್ಬಿ, ಆಮೇಲೆ ಕಥೆ, ಆಮೇಲೆ ಅಮ್ಮ. ಅವನು ಹುಡುಗಿಯ ಕೈ ಬಿಟ್ಟ. ಅವಳೂ, “ಹೂಂ, ಆಮೇಲೆ ಅಮ್ಮ” ಎಂದು ಅವನಿಗೇ ಸಮಾಧಾನ ಹೇಳಿದಳು. ಹಿಂತಿರುಗಿದ ಅಕ್ಕೋರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಂದು ನನ್ನ ಡಬ್ಬಿಗೆ ಇಡೀ ಹೋಳಿಗೆಯೇ ಬಂತು.

ಹುಡುಗಿಯ ಅಪ್ಪ ಈ ಬಗ್ಗೆ ಮುಂದೆ ಮಾತೇ ಎತ್ತಲಿಲ್ಲ. ಆದರೆ ಮರುವರ್ಷ ಕಿರಿಯ ಮಗನನ್ನು ಸೇರಿಸಲು ಬಂದವರು, ಬಾಈಯ ವರ್ಗಕ್ಕೇ ಹಾಕಬೇಕೆಂದು ಪಟ್ಟು ಹಿಡಿದರು.

ಹೀಗೆ ಕೆಲವು ವರ್ಷ ಅವರ ಜೊತೆ ಕಳೆದೆ. ಆಮೇಲೆ ಅವರ ಹೃದಯ ದುರ್ಬಲವಾಗತೊಡಗಿತು. ನೆಲದಿಂದ ಏಳುವಾಗ ಗೋಡೆ ಹಿಡಿಯಬೇಕಾಯಿತು. ಡಾಕ್ಟರು ಕೆಲಸ ಬಿಡಿ ಎಂದರು. ಸೊಲ್ಲಾಪುರದ ತಂಗಿಯ ಮನೆಗೆ ಹೊರಟರು. ಬಾಈ ರಜೆಗೆ ಊರಿಗೆ ಹೋಗಿದ್ದಾರೆಂದು ಮಕ್ಕಳಿಗೆ ಹೇಳಿದರಾಯಿತು, ಅಳುವುದು ತಪ್ಪುತ್ತದೆ ಎಂದರು ಸಂಚಾಲಕಿ. ಅಕ್ಕೋರು ಒಪ್ಪಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಾವೇ ಹೇಳಿದರು: ನನಗೆ ಹುಷಾರಿಲ್ಲ, ಶನಿವಾರದ ತನಕ ಬರುತ್ತೇನೆ, ಆಮೇಲೆ ಬರುವುದಿಲ್ಲ, ಆಮೇಲೆ ಇವರು ನಿಮ್ಮ ಬಾಈ. ನನ್ನ ಕಡೆ ಕೈ ತೋರಿಸಿದರು. ನನಗೂ ಆಗಲೇ ಗೊತ್ತಾದದ್ದು. ಎಲ್ಲರೂ ಅತ್ತೆವು.

ಅವರು ತೀರಿಕೊಂಡ ಸುದ್ದಿ ಬಂದದ್ದು ಒಂದು ಶಾಲೆಯ ದಿನ, ಮಕ್ಕಳು ಡಬ್ಬಿ ಬಿಚ್ಚಿ ಕುಳಿತಿದ್ದ ಹೊತ್ತಿನಲ್ಲಿ. ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಅವರ ತಂಗಿಯ ಮಾತು ಕೇಳಿಸಿಕೊಂಡೆ. ಸಂಚಾಲಕಿಗೆ ಹೇಳಿ ಮನೆಗೆ ಹೋಗಬಹುದಿತ್ತು; ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಒಳಗೆ ಮಕ್ಕಳು ಊಟಕ್ಕೆ ಕೂತಿದ್ದರು. ಊಟದ ಮೇಲೆ ಕೈ ತೊಳೆಯುವುದು, ಅದರ ಮೇಲೆ ಕಥೆ, ಆಮೇಲೆ ಚಪ್ಪಲಿಯ ಹಾಡು. ಮುಂದೇನು ಮಾಡಬೇಕೆಂಬುದು ನನಗೆ ಗೊತ್ತಿತ್ತು. ಅದನ್ನು ಹಿಡಿದುಕೊಂಡೇ ಒಳಗೆ ಹೋಗಿ ಮಕ್ಕಳ ನಡುವೆ ಕುಳಿತೆ.

ಪಕ್ಕದಲ್ಲಿದ್ದ ಚಿಕ್ಕ ಹುಡುಗಿ ಚಪಾತಿ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

“ಬಾಈ, ನೀವು ಅಳ್ತೀರಾ?”

“ಹೌದು,” ಎಂದೆ. “ಈಗಲ್ಲ. ನೀವೆಲ್ಲ ಮನೆಗೆ ಹೋದ ಮೇಲೆ.”

ಅವಳು ತಲೆಯಾಡಿಸಿ ಚಪಾತಿ ಕಚ್ಚಿದಳು. ಕೊನೆಯ ಮಗುವನ್ನು ಅದರ ಅಜ್ಜನ ಕೈಗೆ ಒಪ್ಪಿಸಿ ಬಾಗಿಲು ಹಾಕಿಕೊಂಡ ಮೇಲೆ, ಹೇಳಿದ ಹಾಗೆಯೇ ಮಾಡಿದೆ.