ಪುಂಡಿ, ಬೈರಾಸು ಮತ್ತು ತೊಂಬತ್ತು ನಿಮಿಷದ ಗುಡ್ಡ

ನಲವತ್ತೇಳನೆಯ ವಯಸ್ಸಿನಲ್ಲಿ ಗುಡ್ಡ ಓಡಲು ಶುರು ಮಾಡಿದ್ದು ಆರೋಗ್ಯಕ್ಕಾಗಿ ಎಂದು ಆಫೀಸಿನಲ್ಲಿ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಶುರು ಮಾಡಿದ್ದು ಹೊಟ್ಟೆಕಿಚ್ಚಿನಿಂದ.

ನನ್ನ ಮಗಳಿಗೆ ಆಗ ಹದಿನಾಲ್ಕು. ಮಸ್ಕತ್ತಿನ ಸುತ್ತಲಿನ ಬೋಳು ಕಲ್ಲುಗುಡ್ಡಗಳನ್ನು ಚಳಿಗಾಲದ ಶುಕ್ರವಾರ ಬೆಳಿಗ್ಗೆ ಓಡಿ ಹತ್ತಿ, ಓಡಿಯೇ ಇಳಿಯುವ ಒಂದು ಗುಂಪಿಗೆ ಅವಳು ಗೆಳತಿಯ ಜೊತೆ ಸೇರಿಕೊಂಡಿದ್ದಳು. ಚಳಿಗಾಲದ ಕೊನೆಗೆ ದೂರದ ಬೆಟ್ಟದಲ್ಲಿ ದೊಡ್ಡ ಓಟವೊಂದಿತ್ತು. ಹದಿನಾರು ತುಂಬದವರ ಜೊತೆ ದೊಡ್ಡವರೊಬ್ಬರು ಕೊನೆಯ ತನಕ ಓಡಬೇಕೆಂಬುದು ಅಲ್ಲಿಯ ನಿಯಮ. ಒಂದು ಸಂಜೆ ಅವಳು ಫೋನಿನಲ್ಲಿ ಗೆಳತಿಗೆ, ನಿನ್ನ ಡ್ಯಾಡಿಯೇ ನನ್ನನ್ನೂ ಕರೆದುಕೊಂಡು ಹೋಗಲಿ, ನನ್ನ ಪಪ್ಪ ಓಡಿದರೆ ಸತ್ತೇ ಹೋಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹೇಳಿ ನಕ್ಕಳು. ಆ ನಗು ನನಗೆ ನಾಟಿತು.

ಗೆಳತಿಯ ಅಪ್ಪನನ್ನು ನಾನು ನೋಡಿದ್ದೆ. ಮೈಯಲ್ಲಿ ಒಂದು ಚಮಚ ಕೊಬ್ಬಿಲ್ಲದ ಮನುಷ್ಯ. ನಿಂತಲ್ಲೇ ನಿಲ್ಲಲಾಗದೆ ಕುಣಿಯುತ್ತಿರುತ್ತಾನೆ. ನನ್ನ ಮಗಳನ್ನು ಬೆಟ್ಟ ಹತ್ತಿಸಲು ಅವನು ಯಾರು?

"ನಾನೇ ಬರ್ತೇನೆ" ಎಂದೆ.

"ಪಪ್ಪ, ನಿಮ್ಮಿಂದ ಆಗ್ಲಿಕ್ಕಿಲ್ಲ."

"ಎಂತ ಆಗ್ಲಿಕ್ಕಿಲ್ಲ? ಆಗ್ತದೆ."

ಕೊನೆಗೆ ಒಪ್ಪಂದವಾಯಿತು. ಇನ್ನು ಮೂರು ವಾರಕ್ಕೆ ಗುಂಪಿನವರು ಸಣ್ಣ ಗುಡ್ಡವೊಂದನ್ನು ಓಡುವವರಿದ್ದರು. ತುದಿಯ ಹಳೇ ಕಾವಲು ಬುರುಜಿನ ತನಕ ಹತ್ತಿ, ಆಚೆ ಕಡೆಯ ಒಣ ಹೊಳೆಗೆ ಇಳಿಯುವುದು. ನಾನು ಅದನ್ನು ತೊಂಬತ್ತು ನಿಮಿಷದೊಳಗೆ ಮುಗಿಸಿದರೆ ಬೆಟ್ಟದ ಓಟಕ್ಕೆ ನಾನು. ಇಲ್ಲದಿದ್ದರೆ ಆ ಅಂಕಲ್. ಸಮಯ ನೋಡಿಕೊಳ್ಳುವುದು ಅವಳ ವಾಚು. ಮೊಬೈಲಿನಿಂದಲೇ ಗಂಟೆ ಸರಿಮಾಡಿಕೊಳ್ಳುವ ಆ ವಾಚನ್ನು ಹುಟ್ಟುಹಬ್ಬಕ್ಕೆ ಕೊಡಿಸಿದ್ದು ನಾನೇ.

ಮಸ್ಕತ್ತಿನ ಹಮ್ರಿಯಾ ಬಡಾವಣೆಯ ನಮ್ಮ ಕಟ್ಟಡದ ಕೆಳಗೆ ಬ್ಯಾರಿ ಗೆಳೆಯನೊಬ್ಬನ ದಿನಸಿ ಅಂಗಡಿ ಇದೆ. ಅವನು ಗಲ್ಲಾಪೆಟ್ಟಿಗೆ ಬಿಟ್ಟು ಓಡಿದ್ದನ್ನು ನಾನು ನೋಡಿಲ್ಲ, ಆದರೂ ಸಲಹೆ ಕೊಡುವುದರಲ್ಲಿ ಹಿಂದೆ ಬಿದ್ದವನಲ್ಲ.

"ಗುಡ್ಡೆ ಹತ್ಲಿಕ್ಕೆ ಕಲೀಲಿಕ್ಕೆ ಎಂತ ಉಂಟು ಮಾರಾಯ್ರೆ? ಮೇಲೆ ಹೋಗುದು, ಕೆಳಗೆ ಬರುದು, ಖಲಾಸ್. ನಮ್ಮ ಮೆಟ್ಲು ಉಂಟಲ್ಲ, ಅದ್ರಲ್ಲಿ ಪ್ರಾಕ್ಟೀಸ್ ಮಾಡಿ. ಬೆವರು ಒರ್ಸ್ಲಿಕ್ಕೆ ಒಂದು ಬೈರಾಸ್ ಇಟ್ಕೊಳ್ಳಿ."

ಬೈರಾಸು ಎಂದರೆ ನಮ್ಮ ಕರಾವಳಿಯ ಚೌಕುಳಿ ಟವೆಲು. ಹೆಗಲಿಗೂ ಆಗುತ್ತದೆ, ತಲೆಗೂ ಆಗುತ್ತದೆ. ಅದನ್ನು ಕೊರಳಿಗೆ ಸುತ್ತಿಕೊಂಡು ದಿನಾ ಸಂಜೆ ಆರು ಮಹಡಿ ಹತ್ತತೊಡಗಿದೆ. ಮೂರನೆಯ ಮಹಡಿಯಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿದವರೆಲ್ಲ, ಪಾಪ, ಲಿಫ್ಟ್ ಕೆಟ್ಟಿದೆ ಎಂದು ತಿಳಿದುಕೊಂಡರು. ಕಾವಲುಗಾರನ ಮೇಲೆ ದೂರು ಹೋಯಿತು. ಅವನು ಸರಿಯಾಗಿದ್ದ ಲಿಫ್ಟಿಗೆ, ಕೆಟ್ಟಿದೆ ಎಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದ. ಎರಡು ದಿನ ಇಡೀ ಕಟ್ಟಡವೇ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿತು. ನಿಜ ಹೇಳುವ ಧೈರ್ಯ ನನಗಾಗಲಿಲ್ಲ, ಈಗಲೂ ಇಲ್ಲ.

ಓಟದ ಬೆಳಿಗ್ಗೆ ಮಗಳು ಕಾರಿನಲ್ಲೇ ಷರತ್ತು ಹಾಕಿದಳು. ಜೋರಾಗಿ ಮಾತಾಡಬಾರದು. ಬೈರಾಸನ್ನು ಯಾರಿಗೂ ತೋರಿಸಬಾರದು. ಸಿಕ್ಕಿದವರಿಗೆಲ್ಲ ತಿಂಡಿ ಹಂಚಬಾರದು. ಆಯಿತು ಎಂದೆ. ನನ್ನ ಬೆನ್ನಚೀಲದಲ್ಲಿ ಇಪ್ಪತ್ತು ಪುಂಡಿ ಇತ್ತು. ಅಕ್ಕಿತರಿಯನ್ನು ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿದ್ದು, ಹೆಂಡತಿ ನಾಲ್ಕೂವರೆಗೇ ಎದ್ದು ಕಟ್ಟಿಕೊಟ್ಟಿದ್ದು. ನಮ್ಮಲ್ಲಿ ಆಸ್ಪತ್ರೆಗೆ ಹೊರಟರೂ ಬುತ್ತಿ ಇರುತ್ತದೆ. ಇನ್ನು ಗುಡ್ಡಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ?

ಆರೂವರೆಗೆ ಸರಿಯಾಗಿ ಹೊರಟೆವು. ಮೊದಲ ಹತ್ತು ನಿಮಿಷ ನಾನು ಓಡಿದೆ. ಅದನ್ನು ದಾಖಲಿಸಲೇಬೇಕು, ಏಕೆಂದರೆ ಆಮೇಲೆ ಓಡಲಿಲ್ಲ. ಗೆಳತಿಯೂ ಅವಳ ಅಪ್ಪನೂ ಆಡುಗಳ ಜೊತೆ ಪಂದ್ಯ ಕಟ್ಟಿದವರಂತೆ ಬಂಡೆಯಿಂದ ಬಂಡೆಗೆ ಹಾರಿ ಕಣ್ಮರೆಯಾದರು. ನನ್ನ ಹೊಸ ಬೂಟು ಅಂಗಡಿಯ ನುಣುಪು ನೆಲದ ಮೇಲೆ ಚೆನ್ನಾಗಿ ಹಿಡಿದಿತ್ತು. ಇಲ್ಲಿ ಸಡಿಲ ಜಲ್ಲಿಯ ಮೇಲೆ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಬರುತ್ತಿತ್ತು. ಮಗಳು ಇಪ್ಪತ್ತು ಅಡಿ ಮುಂದೆ ನಿಂತು ನಿಂತು ವಾಚು ನೋಡುತ್ತಿದ್ದಳು. ಆದರೂ ಐವತ್ತು ನಿಮಿಷಕ್ಕೆ ಬುರುಜು ತಲುಪಿದೆವು. ಇಳಿಯಲು ನಲವತ್ತು ನಿಮಿಷ ಉಳಿದಿತ್ತು. "ನಾಟ್ ಬ್ಯಾಡ್, ಪಪ್ಪ" ಎಂದಳು. ಆಗ ನನಗಾದ ಸಂತೋಷಕ್ಕೆ ಅಲ್ಲೇ ಓಟ ಮುಗಿಸಿಬಿಡಬಹುದಿತ್ತು.

ಬುರುಜಿನ ನೆರಳಲ್ಲಿ ಒಮಾನಿ ಅಜ್ಜನೊಬ್ಬ ಓಟಗಾರರಿಗೆ ಖರ್ಜೂರ ಮತ್ತು ಕಾವಾ ಕೊಡುತ್ತ ಕುಳಿತಿದ್ದ. ಕಾವಾ ಎಂದರೆ ಸಕ್ಕರೆ ಹಾಕದ ಏಲಕ್ಕಿ ಕಾಫಿ. ಸಾಕೆನಿಸಿದಾಗ ಪುಟ್ಟ ಲೋಟವನ್ನು ಅಲ್ಲಾಡಿಸಿ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ. ಇಷ್ಟು ವರ್ಷದಿಂದ ಇಲ್ಲಿರುವ ನನಗೆ ಇದು ಗೊತ್ತು. ಅಲ್ಲಾಡಿಸಿದೆ ಕೂಡ. ಆದರೆ ಉಂಡು ಹಾಗೇ ಎದ್ದು ಬರುವುದು ನಮ್ಮ ಪದ್ಧತಿ ಅಲ್ಲವಲ್ಲ? ಚೀಲ ಬಿಚ್ಚಿ ಎರಡು ಪುಂಡಿ ಕೊಟ್ಟೆ. ಅಜ್ಜ ತಿಂದ, ತಲೆದೂಗಿದ. ಅತಿಥಿಯ ಕೈಯಿಂದ ತಿಂದ ಮೇಲೆ ಅವನು ಸುಮ್ಮನಿರಲಾದೀತೇ? ಮತ್ತೆ ಖರ್ಜೂರ, ಮತ್ತೆ ಕಾವಾ. ನಾನು ಮತ್ತೆರಡು ಪುಂಡಿ. ಅವನು ಹಲ್ವಾದ ಡಬ್ಬಿಯನ್ನೇ ತೆಗೆದ. ಇಬ್ಬರೂ ಸೋಲುವ ಜಾತಿಯವರಲ್ಲ.

"ಪಪ್ಪಾ! ಇದು ರೇಸ್!" ಎಂದು ಮಗಳು ಕಿರುಚಿದಾಗ ಹದಿಮೂರು ನಿಮಿಷ ಕಳೆದಿತ್ತು.

ಗಡಿಬಿಡಿಯಲ್ಲಿ ಚೀಲದ ಜಿಪ್ಪು ಎಳೆಯಲು ಮರೆತೆ. ಹತ್ತುವುದಕ್ಕೆ ಮೆಟ್ಟಿಲಿನ ಅಭ್ಯಾಸವಾದರೂ ಇತ್ತು, ಇಳಿಯುವುದಕ್ಕೆ ನಾನು ದಿನಾ ಲಿಫ್ಟು ಹಿಡಿದಿದ್ದೆ. ನಾಲ್ಕನೆಯ ಹೆಜ್ಜೆಗೇ ಕಾಲು ಜಾರಿ ಕುಂಡೆಯ ಮೇಲೆ ಕುಳಿತೆ. ಕುಳಿತವನು ನಿಲ್ಲಲಿಲ್ಲ, ಹಾಗೇ ಸರ್ರನೆ ಇಳಿದೆ. ಹದಿನಾರು ಪುಂಡಿಗಳು ನನ್ನನ್ನು ದಾಟಿ, ಪುಟಿಯುತ್ತ, ಯಾವ ಬೂಟಿನ ಹಂಗೂ ಇಲ್ಲದೆ ಹೊಳೆಯ ಕಡೆ ಓಡಿದವು. "ಪುಂಡಿ! ಪುಂಡಿ!" ಎಂದು ಗುಡ್ಡವೇ ಮೊಳಗುವಂತೆ ಕೂಗಿಕೊಂಡೆ. ಕೆಳಗಿದ್ದವರು ಕಲ್ಲು ಉರುಳುತ್ತಿದೆ ಎಂಬ ಎಚ್ಚರಿಕೆ ಎಂದುಕೊಂಡು ಚದುರಿದರು.

ನಿಂತಾಗ ಪ್ಯಾಂಟಿನ ಹಿಂಭಾಗ ನನ್ನ ಜೊತೆ ಬಂದಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಬೈರಾಸನ್ನು ತೆಗೆದು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಕಟ್ಟಿದೆ. ಮೂರು ಷರತ್ತುಗಳಲ್ಲಿ ಉಳಿದಿದ್ದ ಒಂದೂ ಮುಗಿಯಿತು. ಮಗಳು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದೇ ತಿಳಿದೆ. ಹತ್ತಿರ ಹೋಗಿ ನೋಡಿದರೆ, ಉಸಿರು ಸಿಗದಷ್ಟು ನಗುತ್ತಿದ್ದಳು. ನನ್ನ ಕೈ ಹಿಡಿದುಕೊಂಡಳು. ಐದನೇ ಕ್ಲಾಸಿನ ನಂತರ ಅವಳು ರಸ್ತೆ ದಾಟುವಾಗಲೂ ನನ್ನ ಕೈ ಹಿಡಿದಿರಲಿಲ್ಲ.

ಕೈ ಬಿಡದೆ ಇಬ್ಬರೂ ಕೊನೆಯ ಇಳಿಜಾರನ್ನು ಓಡಿದೆವು. ಓಟ ಮುಗಿಯುವ ಗೆರೆಯ ಬಳಿ ಗೆಳತಿಯ ಅಪ್ಪ ಆಗಲೇ ಬೆವರಾರಿಸಿಕೊಂಡು ಕುಣಿಯುತ್ತ ನಿಂತಿದ್ದ. ದಾಟಿದ ಮೇಲೆ ಮಗಳ ವಾಚನ್ನು ನಾನೇ ಬಗ್ಗಿ ನೋಡಿದೆ. ಎಂಟು ಗಂಟೆ ನಾಲ್ಕು ನಿಮಿಷ. ತೊಂಬತ್ತನಾಲ್ಕು ನಿಮಿಷ. ಒಪ್ಪಂದ ಒಪ್ಪಂದವೇ. ಬೈರಾಸಿನ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿಕೊಂಡೆ.

ಆ ಮನುಷ್ಯ ಒಳ್ಳೆಯವನೇ. ನನ್ನ ಬೈರಾಸಿನತ್ತ ಕಣ್ಣು ಹಾಯಿಸದೆ, ಬೆಟ್ಟದ ಓಟಕ್ಕೆ ಇವಳನ್ನೂ ಕರೆದುಕೊಂಡು ಹೋಗುತ್ತೇನೆ, ನೀವು ಚಿಂತೆ ಮಾಡಬೇಡಿ ಎಂದ.

ಮಗಳು ವಾಚನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

"ಥ್ಯಾಂಕ್ಯೂ ಅಂಕಲ್. ಪಪ್ಪ ಬರ್ತಾರೆ" ಎಂದವಳು ನನ್ನ ಕಡೆ ತಿರುಗಿದಳು. "ನನ್ನ ವಾಚ್ ಐದು ನಿಮಿಷ ಫಾಸ್ಟ್ ಉಂಟು."

ಮೊಬೈಲಿನಿಂದ ಗಂಟೆ ತೆಗೆದುಕೊಳ್ಳುವ ವಾಚು ಮುಂದೆ ಹೋಗುವುದಿಲ್ಲ. ಹೋದರೂ, ಹೊರಡುವಾಗ ನೋಡಿದ್ದೂ ಅದನ್ನೇ. ಇಷ್ಟೆಲ್ಲ ಗೊತ್ತಿದ್ದೂ, "ಹೌದಾ? ರಿಪೇರಿಗೆ ಕೊಡುವ" ಎಂದೆ.