ನಸೀಮಾ ಮೇಡಂ ಮತ್ತು ತೆರೆಯದ ಕಿಟಕಿ

ಕಂಪ್ಯೂಟರ್ ಪರದೆಯ ಮೇಲೆ ದೋಷದ ಸಾಲು ಮೂಡಿತೆಂದರೆ ನಸೀಮಾ ಮೇಡಂ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ತವರಿನಿಂದ ಬಂದ ಪತ್ರವೇನೋ ಎಂಬಂತೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಯುವವರೆಗೆ ಯಾರೂ ಕೀಲಿಮಣೆ ಮುಟ್ಟುವಂತಿರಲಿಲ್ಲ. "ಪಾಪ, ಅದು ಬಾಯಿಬಿಟ್ಟು ಹೇಳಾಕತ್ತೈತಿ. ನೀವು ಕೇಳವಲ್ರಿ," ಎನ್ನುವರು.

ಹಗರಿಬೊಮ್ಮನಹಳ್ಳಿಯ ನಮ್ಮ ಕಾಲೇಜಿನಲ್ಲಿ ಅವರು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿಸುತ್ತಿದ್ದರು. ಅವರ ತಂದೆ ಕೂಡ್ಲಿಗಿಯಲ್ಲಿ ಲಾರಿ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಪೂರ್ತಿ ಕೇಳದೆ ಸ್ಪಾನರ್ ಹಿಡಿಯುತ್ತಿರಲಿಲ್ಲವಂತೆ. ಲ್ಯಾಬಿನ ಮೂಲೆಯಲ್ಲೊಂದು ದೊಡ್ಡ ಕಂಪ್ಯೂಟರ್ ಇತ್ತು. ನಮ್ಮ ಪ್ರೋಗ್ರಾಂಗಳೆಲ್ಲ ಅದರಲ್ಲೇ ಓಡಬೇಕು. ಅವುಗಳ ಚಿತ್ರ ಮೂಡುವ ಕಿಟಕಿ ಮಾತ್ರ ನಮ್ಮೆದುರಿನ ಹಳೆಯ ಯಂತ್ರಗಳ ಪರದೆಯಲ್ಲಿ ತೆರೆಯಬೇಕು. ಎಷ್ಟೋ ಸಲ ತೆರೆಯುತ್ತಿರಲಿಲ್ಲ. ‘ಡಿಸ್‌ಪ್ಲೇ ತೆರೆಯಲಾಗದು’ ಎಂಬ ಸಾಲಷ್ಟೇ ಬರುತ್ತಿತ್ತು. ಮೇಡಂ ನಗುತ್ತಿದ್ದರು: "ಪರದಿ ಕೆಟ್ಟಿಲ್ಲ ನೋಡವಾ. ಆ ಕಡಿಯವನಿಗೆ ಈ ಮನಿ ಬಾಗ್ಲ ತೆಗ್ಯಾಕ ಅಪ್ಪಣಿ ಸಿಕ್ಕಿಲ್ಲ, ಅಷ್ಟ."

ನಾನು ಹೊಳಲು ಎಂಬ ಹಳ್ಳಿಯವಳು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತುಂಗಭದ್ರೆಯ ನೀರಿನ ಏರಿಳಿತವನ್ನು ಚಿತ್ರದಲ್ಲಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದೆ. ಬರೆದದ್ದು ಎಲ್ಲಿ ಅಳಿಸಿಹೋದೀತೋ ಎಂಬ ಭಯಕ್ಕೆ ದೊಡ್ಡ ಕಂಪ್ಯೂಟರಿನಲ್ಲಿ ನನಗೆ ಕೊಟ್ಟ ಜಾಗದಲ್ಲಿ ದಿನವೂ ಅದರ ಹೊಸ ನಕಲು ಮಾಡಿಡುತ್ತಿದ್ದೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ನನ್ನ ಕಿಟಕಿ ತೆರೆಯಲೇ ಇಲ್ಲ. ಮತ್ತೆ ಮತ್ತೆ ಅದೇ ಸಾಲು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಿಯಾರ ನೋಡಿ, "ಮುಂದಿನ ಸಲ ಪರೀಕ್ಷೆಗೆ ಕೂತ್ಕೊಳ್ಳಮ್ಮ," ಎಂದರು. ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು. ಪರೀಕ್ಷೆಯಲ್ಲಿ ಮೇಡಂ ನೆರವಾಗುವಂತಿರಲಿಲ್ಲ. ಬಾಗಿಲ ಬಳಿಯಿಂದಲೇ ಪರೀಕ್ಷಕರಿಗೆ, "ಸರ್, ಒಂದೀಟು ತಡೀರಿ. ಆಕಿ ಇನ್ನಾ ಪೂರ್ತಿ ಓದಿಲ್ಲ," ಎಂದರು. ಪರೀಕ್ಷಕರು ಕಾದರು.

ನಾನು ಪರದೆಯ ಮೇಲ್ತುದಿಯಿಂದ ಗಟ್ಟಿಯಾಗಿ ಓದತೊಡಗಿದೆ. ಅಷ್ಟು ಹೊತ್ತೂ ಕೊನೆಯ ಸಾಲನ್ನಷ್ಟೇ ದಿಟ್ಟಿಸುತ್ತಿದ್ದವಳಿಗೆ, ಲಾಗಿನ್ ಆದಾಗಲೇ ಮೇಲೆ ಮೂಡಿದ್ದ ಇನ್ನೊಂದು ಸಾಲು ಈಗ ಕಂಡಿತು: ಅನುಮತಿಯ ಫೈಲ್ ಬರೆಯಲಾಗಲಿಲ್ಲ, ಜಾಗವಿಲ್ಲ. ಮೇಡಂ ಹೇಳುತ್ತಿದ್ದ ಅಪ್ಪಣೆ ಬರೆದಿಡಲೂ ಎಡೆಯಿಲ್ಲದಂತೆ ನನ್ನ ಪಾಲಿನ ಜಾಗವನ್ನೆಲ್ಲ ನನ್ನ ನಕಲುಗಳೇ ತಿಂದುಬಿಟ್ಟಿದ್ದವು! ಹೊಸದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ. ಲಾಗೌಟ್ ಆಗಿ ಮತ್ತೆ ಲಾಗಿನ್ ಆದೆ. ಕಿಟಕಿ ತೆರೆಯಿತು, ಒಳಗೆ ನನ್ನ ನೀಲಿ ಹೊಳೆ. ಪರೀಕ್ಷಕರು ಬಗ್ಗಿ ನೋಡಿ ಪ್ರಶ್ನೆ ಕೇಳತೊಡಗಿದರು. ಮೇಡಂ ಹೊರಗೆ ಹೋಗಿ ಗಟಗಟ ನೀರು ಕುಡಿದು ಬಂದರು. ನನ್ನಷ್ಟೇ ಅವರೂ ಹೆದರಿದ್ದರೆಂದು ನನಗೆ ತಿಳಿದದ್ದು ಆಗ.

ಅವರು ನಿವೃತ್ತರಾದ ಮೇಲೆ ಒಮ್ಮೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹಡಗಲಿಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದೆ. ಹಿಡಿದ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಅಷ್ಟರಲ್ಲಿ ಕೊಟ್ಟೂರು ಬಸ್ಸು ಬಂತು. ಹತ್ತಿ ಕೂತ ಮೇಡಂ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಮೊದಲ್ನೇ ವಾರ ಹುಡುಗ್ರು ಎಲ್ಲಾ ಕೆಡಸ್ತಾರ. ಕೆಡಸ್ಲಿ ಬಿಡು, ಬೈಬ್ಯಾಡ!"

ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಲ್ಯಾಬಿನಲ್ಲಿ ಆಗಷ್ಟೇ ಸೇರಿದ ಮಕ್ಕಳಿದ್ದರು. ಏನೋ ಒತ್ತಿ, ಏನೋ ಕೆಡಿಸಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಕಣ್ಣೊರೆಸಿಕೊಂಡು ಒಳಗೆ ಹೋದೆ. ಯಾರನ್ನೂ ತಡೆಯಲಿಲ್ಲ.