ರೋಲರ್ ಹಲ್ಲಿಗೆ ಚಪಾತಿ ಹಿಟ್ಟು

ಮೂರನೇ ದಿನವೂ ಕಮಲಕ್ಕನ ಚೀಲವನ್ನು ತೂಕದ ಶೆಡ್ಡಿನ ನೆಲಕ್ಕೆ ಸುರಿಸಿದರು. ಎಲೆ ಬಲಿತಿದೆ, ಕೂತು ಆರಿಸಿ ಎಂದರು ತೂಕ ಬರೆದುಕೊಳ್ಳುವ ರೈಟರ್.

ನಾನು ಆಗಷ್ಟೇ ಡ್ಯೂಟಿಗೆ ಬರುತ್ತಿದ್ದೆ. ಇಪ್ಪತ್ತು ವರ್ಷದಿಂದ ಟೀ ಎಲೆ ಕೊಯ್ಯುತ್ತಿರುವ ಕಮಲಕ್ಕ ನೆಲದ ಮೇಲೆ ಕುಳಿತು ತಾವೇ ಕೊಯ್ದ ಎಲೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ತಲೆ ಎತ್ತಲೇ ಇಲ್ಲ.

ನಮ್ಮೂರ ಕಡೆ ಎಂದರೆ ಎಲ್ಲರೂ ಕಾಫಿ ಅನ್ನುತ್ತಾರೆ. ಆದರೆ ಮೂಡಿಗೆರೆಯಿಂದ ಕಳಸದ ಕಡೆ ಹೋಗುವಾಗ ಒಂದು ಎಸ್ಟೇಟಿನೊಳಗೆ ಪುಟ್ಟ ಟೀ ಫ್ಯಾಕ್ಟರಿ ಇದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನಾನು ಅಲ್ಲಿ ಸೇರಿ ಐದು ತಿಂಗಳಾಯಿತು.

ಮೂರು ದಿನದಿಂದ ನಮ್ಮ ಟೀ ಕೆಟ್ಟಿತ್ತು. ಪುಡಿ ಕಾಳುಕಾಳಾಗಿ ಬರುವ ಬದಲು ಕಂದು ಬಣ್ಣದ ಚಕ್ಕೆಯಾಗಿ ಬರುತ್ತಿತ್ತು. ಟೀ ತಯಾರಿಯ ಹೊಣೆ ಹೊತ್ತ ಟೀ ಮೇಕರ್ ಭಟ್ಟರು ರುಚಿ ನೋಡಿ ಕಪ್ ಕೆಳಗಿಟ್ಟು ಎದ್ದು ಹೋಗುತ್ತಿದ್ದರು.

ಎಲೆ ಕತ್ತರಿಸುವ ರೋಲರ್ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಹತ್ತು ದಿನದ ಹಿಂದಷ್ಟೇ ಅದಕ್ಕೆ ಸಾಣೆ ಹಿಡಿದಾಗಿತ್ತು. ಹಾಗಾಗಿ ತಪ್ಪು ಎಲೆಯದ್ದು, ಅಂದರೆ ಕೊಯ್ಯುವ ಹೆಂಗಸರದ್ದು ಎಂದು ತೀರ್ಮಾನವಾಗಿತ್ತು.

ನಾನು ಬಗ್ಗಿ ಕಮಲಕ್ಕನ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡೆ. ಎರಡೆಲೆ, ಒಂದು ಕುಡಿ. ಮುರಿದರೆ ಚಟ್ ಅನ್ನುವಷ್ಟು ಎಳೆಯದು!

"ಬಲ್ತದ್ದೋ ಎಳೇದೋ ಅಂತ ನಮ್ ಕೈಗೆ ಗೊತ್ತಾಗಲ್ವ ಮಗಾ? ಕೇಳೋರು ಯಾರು," ಅಂದರು ಕಮಲಕ್ಕ.

ಆ ಮಾತು ತಲೆಯಲ್ಲೇ ಕೂತಿತು...

ಟೀ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಾಡಿಸಿದ ಎಲೆ ಎರಡು ಉಕ್ಕಿನ ರೋಲರ್‌ಗಳ ನಡುವೆ ಹೋಗುತ್ತದೆ. ಅವುಗಳ ಮೈತುಂಬಾ ಸಣ್ಣ ಸಣ್ಣ ಹಲ್ಲು. ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ಎದುರುಬದುರು ತಿರುಗುತ್ತಾ ಎಲೆಯನ್ನು ಕತ್ತರಿಸಿ, ಹರಿದು, ಸುರುಳಿ ಮಾಡುತ್ತವೆ. ಹಲ್ಲು ಸವೆದರೆ ಎಲೆ ಕತ್ತರಿಸುವುದಿಲ್ಲ, ಬರೀ ಉಜ್ಜಿ ಬಿಸಿಯಾಗುತ್ತದೆ.

ನಾನು ಹೋಗಿ ಮೆಷಿನ್ನಿನಿಂದ ಆಚೆ ಬರುವ ಬೆಲ್ಟ್ ಪಕ್ಕ ನಿಂತೆ. ಎಡಗಡೆಯ ಪುಡಿ ಮುಟ್ಟಿದೆ. ಹಸಿರು, ತಣ್ಣಗೆ, ಸಣ್ಣಗೆ. ಬಲಗಡೆಯದು ಮುಟ್ಟಿದೆ... ಬೆಚ್ಚಗಿದೆ! ಚಕ್ಕೆ ಚಕ್ಕೆ!

ಒಂದೇ ಎಲೆ, ಒಂದೇ ರೋಲರ್. ಎರಡು ಬದಿಗೆ ಎರಡು ಥರ ಹೇಗೆ?

ಓಡಿಹೋಗಿ ಫಿಟ್ಟರ್ ಜಯಣ್ಣನಿಗೆ ಹೇಳಿದೆ. ನನಗೆ ಕೆಲಸ ಕಲಿಸುತ್ತಿರುವವರೇ ಅವರು. ಕೇಳಿ ಅವರ ಮುಖ ಸಣ್ಣದಾಯಿತು.

"ನಾನೇ ಸಾಣೆ ಹಿಡ್ದಿದ್ದು ಮಾರಾಯ್ತಿ. ಹತ್ತು ದಿನಕ್ಕೆ ಸವೆಯೋಕೆ ಅದೇನು ಸೋಪಾ?"

ಕಣ್ಣಿಗೆ ತೋರಿಸೋಣವೆಂದರೆ ಸುಲಭವಲ್ಲ. ಎಲೆಯ ರಸ ಮೆತ್ತಿ ಹಲ್ಲೆಲ್ಲ ಕಪ್ಪಾಗಿತ್ತು, ಮೆಷಿನ್ನಿನ ಒಳಗೆ ಬೆಳಕೂ ಕಮ್ಮಿ. ಹಲ್ಲಿನ ಅಚ್ಚು ತೆಗೆಯಲು ಏನಾದರೂ ಮೆತ್ತಗಿನದು ಬೇಕಿತ್ತು.

ಊಟದ ಬಿಡುವಿನಲ್ಲಿ ಕ್ಯಾಂಟೀನಿಗೆ ಹೋಗಿ ಚಪಾತಿ ಹಿಟ್ಟಿನ ಮೂರು ಉಂಡೆ ಇಸಿದುಕೊಂಡು ಬಂದೆ. ಅಡುಗೆಯವರು ನನ್ನನ್ನು ನೋಡಿದ ರೀತಿ ಹೇಳಬಾರದು!

ಜಯಣ್ಣ ಗೊಣಗುತ್ತಲೇ ಬಂದರು. ಆದರೂ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ನನ್ನನ್ನು ಹತ್ತಿರ ಬಿಟ್ಟರು.

ಎಡ, ನಡು, ಬಲ. ಮೂರು ಕಡೆ ವೈರ್ ಬ್ರಷ್‌ನಿಂದ ಉಜ್ಜಿ ಹಿಟ್ಟು ಒತ್ತಿ ತೆಗೆದೆ.

ಎಡಗಡೆಯದರಲ್ಲಿ ಚಕ್ಕುಲಿಯ ಮುಳ್ಳಿನ ಹಾಗೆ ಚೂಪು ಗೆರೆಗಳು. ನಡುವಿನದು ಪರವಾಗಿಲ್ಲ. ಬಲಗಡೆಯದು... ಗುಂಡಗೆ, ಮೊಂಡು ಮೊಂಡು!

ಜಯಣ್ಣ ಕನ್ನಡಕ ಹಾಕಿಕೊಂಡು ಮೂರನ್ನೂ ಕಿಟಕಿಯ ಹತ್ತಿರ ಒಯ್ದರು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೀದಾ ಬಂದು, ಎಲೆ ಬೀಳುವ ಜಾಗದಲ್ಲಿರುವ ತಗಡನ್ನು ಕೈಯಿಂದ ಸವರಿದರು. ಎಲೆಯನ್ನು ರೋಲರ್‌ನ ಉದ್ದಕ್ಕೂ ಸಮನಾಗಿ ಹರಡುವ ತಗಡು ಅದು.

ಅದು ಬಗ್ಗಿತ್ತು. ಎಲೆ ಹೆಚ್ಚಾಗಿ ಬಲಗಡೆಗೇ ಜಾರುತ್ತಿತ್ತು. ಬಹುಪಾಲು ಕೆಲಸವನ್ನು ಆ ಒಂದು ಬದಿಯೇ ಮಾಡಿ ಸವೆದುಹೋಗಿತ್ತು.

ಅಷ್ಟರಲ್ಲಿ ಭಟ್ಟರೂ ಬಂದರು. ಜಯಣ್ಣ ಬೇರೆ ಏನಾದರೂ ಹೇಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೋದ ಸಲ ರೋಲರ್ ಇಳಿಸುವಾಗ ಎತ್ತೋ ಚೈನ್ ಈ ತಗಡಿಗೆ ತಗಲಿಸಿದ್ದು ನಾನೇ ಸಾರ್. ಆಮೇಲೆ ನೋಡ್ಲಿಲ್ಲ," ಅಂದರು.

ನನಗೆ ಆ ಕ್ಷಣ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ಆಮೇಲೆ ನಿಲ್ಲಲು ಪುರುಸೊತ್ತಿಲ್ಲ! ಬಾಡಿದ ಎಲೆ ಕಾಯುತ್ತಿದೆ, ತಡವಾದರೆ ಅದೂ ಹಾಳು. ತಗಡು ಬಿಚ್ಚಿ ತಟ್ಟಿ ನೇರ ಮಾಡಿದೆವು. ಸವೆದ ಜೋಡಿಯನ್ನು ಚೈನ್ ಪುಲ್ಲಿಯಿಂದ ಮೇಲೆತ್ತಿ, ಸಾಣೆ ಹಿಡಿದಿಟ್ಟಿದ್ದ ಸ್ಪೇರ್ ಜೋಡಿ ಕೂರಿಸಿದೆವು.

ಕಷ್ಟ ಇರುವುದು ಆಮೇಲೆ. ಎರಡು ರೋಲರ್‌ಗಳ ಹಲ್ಲು ಒಂದರೊಳಗೊಂದು ಕೂರಬೇಕು, ಆದರೆ ತಾಗಬಾರದು. ತಾಗಿದರೆ ಎರಡೂ ಹೋಯಿತು. ಕೈಯಿಂದ ತಿರುಗಿಸುತ್ತಾ, ಕಿವಿಗೊಟ್ಟು ಕೇಳುತ್ತಾ, ಕೂದಲೆಳೆಯಷ್ಟು ಸರಿಸುತ್ತಾ ಹೋದೆವು. ನನ್ನ ಅಂಗೈ ಬೆವರಿ ಸ್ಪ್ಯಾನರ್ ಜಾರುತ್ತಿತ್ತು.

ಕೊನೆಗೆ ಜಯಣ್ಣ ಜೇಬಿನಿಂದ ಫ್ಯೂಸ್ ತೆಗೆದು ಹಾಕಿ, ಸ್ವಿಚ್ ಕಡೆ ಕೈ ತೋರಿಸಿದರು. "ನೀನೇ ಹಾಕು."

ಹಾಕಿದೆ. ಕರಕರ ಸದ್ದಿಲ್ಲ. ಒಂದೇ ಸಮನಾದ ಗುಂಯ್ ಅನ್ನುವ ಶಬ್ದ. ಮರುಕ್ಷಣ ಬೆಲ್ಟಿನ ಅಗಲಕ್ಕೂ ಹಸಿರು ಪುಡಿ... ಆಹಾ, ಆ ವಾಸನೆ! ನಾನು ನಿಜವಾಗಿ ಕುಣಿದುಬಿಟ್ಟೆ. ಜಯಣ್ಣ ಮುಖ ಆಚೆ ತಿರುಗಿಸಿ ನಕ್ಕರು.

ಅದು ಹುದುಗಿ, ಒಣಗಿ, ಟೀಯಾಗಿ ಕಪ್‌ಗೆ ಬರುವಷ್ಟರಲ್ಲಿ ಸಂಜೆಯ ತೂಕದ ಹೊತ್ತಾಗಿತ್ತು. ಭಟ್ಟರು ಒಂದು ಗುಟುಕು ಸುರ್ ಎಂದು ಎಳೆದರು. ಇನ್ನೊಂದು ಗುಟುಕು ಎಳೆದರು. ಕಪ್ ಹಿಡಿದುಕೊಂಡೇ ತೂಕದ ಶೆಡ್ಡಿಗೆ ನಡೆದರು.

"ಎಲೆ ಸರಿಯಾಗೇ ಇತ್ತು ಕಮಲಕ್ಕ. ಮೆಷಿನ್ ಸರಿ ಇರ್ಲಿಲ್ಲ. ನಮ್ದು ತಪ್ಪಾಯ್ತು," ಅಂದರು, ಎಲ್ಲರ ಮುಂದೆ.

ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಕಮಲಕ್ಕನ ಕಡೆ ತಿರುಗಿದರು. ಕಮಲಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಂದರು.

"ಆ ಟೀ ನಮ್ಗೂ ಒಂಚೂರು ಕೊಡಿ ಸಾರ್, ನೋಡುವ."

ಯಂತ್ರ ಮಾಡಿದ ತಪ್ಪಿಗೆ ಮನುಷ್ಯರು ಬೈಸಿಕೊಂಡಿದ್ದು ನಿಮ್ಮ ಕೆಲಸದ ಜಾಗದಲ್ಲೂ ಆಗಿದೆಯಾ? ಆಗ ಯಾರಾದರೂ ಬಂದು ತಪ್ಪಾಯ್ತು ಅಂದಿದ್ದರಾ?